ಬೆಳಕಿಂಡಿ ಕೆಳಗಿನ ಮಾರಿ

ಏ ಪರಮಾನಂದ, ಮೊದಲ ಆ ಮೊಬೈಲಿನ ಬ್ಯಾಟ್ರಿ ಆರಸು. ಮಾರಿಗೆ ಬೆಳಕ ಹೊಡದ್ರ ನನಗ ಮಾತ ಬರೂದಿಲ್ಲ. ಕರೆಂಟ್ ಹೋಗಿದ್ದು ಛಲೋನ ಆತು. ಕೇಳ್ರಿ... ಓಣಿ ತುಂಬ ಮಗ್ಗ ಬಾಯಿ ಮುಚ್ಚ್ಯಾವ. ಹಗಲು ರಾತ್ರಿ ಖಟಪಟ ಖಟಪಟ ಕೇಳಿ ಕೇಳಿ, ನಮ್ಮ ಬನಹಟ್ಟಿ ಮಂದಿಗೆ ಸುಮ್ಮನಿದ್ರ ಕಿವಿ ನೋಯ್ತಾವ. ಹಿಂತಾ ಹೊತ್ತಿನಾಗ ಕೇಳಬಾರದ್ದು ಕೇಳ್ತೈತಿ. ಅದನ್ನ ಹೇಳಾಕತ್ತೇನಿ.

ಇದು ಎಲ್ಲೋ ದೂರದ ಊರಿನ ಸುದ್ದಿ ಅಲ್ಲ. ನಮ್ಮ ಕಾಕಾನ ಮಗ ಮಾಂತೇಶಗ ಆಗಿದ್ದು. ಬಸ್‌ಸ್ಟ್ಯಾಂಡ್ ಕಡೆ ಫೋಟೋ ಸ್ಟುಡಿಯೋ ಇಟ್ಟಾನಲ್ಲ, ಅಂವನ. ನಾ ದೆವ್ವ ಗಿವ್ವ ನಂಬಾಕಿ ಅಲ್ಲ. ಬದುಕಿದವರ ಇಷ್ಟ ಕಾಡಾಕತ್ತಾರ, ಸತ್ತವರಿಗೆ ಎಲ್ಲಿ ಪಾಳಿ ಬರ್ತೈತಿ? ಆದ್ರ ಇದ್ರಾಗ ಸ್ವಲ್ಪ ನಾ ಕಣ್ಣಿಲೆ ನೋಡೇನಿ. ನೋಡಿದ್ದನ್ನ ಇಲ್ಲ ಅನ್ನಾಕ ಬರೂದಿಲ್ಲಲ್ಲ.

ಹೋದ ಬ್ಯಾಸಗಿ. ಮಾಂತೇಶ ತೇರದಾಳದಾಗ ಮದವಿ ಫೋಟೋ ಮುಗಿಸಿ ಬರಾಕತ್ತಿದ್ದ. ರಬಕವಿ ಮುಟ್ಟೂದ್ರಾಗ ಗಾಡಿ ಪಂಕ್ಚರ್ ಆತು. ತಳ್ಕೋತ ನಮ್ಮೂರ ಹಳೇ ನೇಕಾರ ಓಣಿ ಹಿಡದ. ಅಲ್ಲೊಂದು ಬಾವಿ ಐತಿ, ನಿಮಗ ಗೊತ್ತು. ಬಾವಿ ಮ್ಯಾಲ ಆಲದ ಗಿಡ. ಅಷ್ಟರಾಗ ಕರೆಂಟ್ ಹೋತು. ಒಮ್ಮಿಂದೊಮ್ಮೆ ಎಲ್ಲಾ ಮಗ್ಗ ನಿಂತುವು... ನಾಯಿ ಸುದ್ದಾ ಬೊಗಳಲಿಲ್ಲಂತ.

ಆಗ ಕೇಳ್ತು.

ಖಟ್... ಸರ್ರ್... ಖಟ್.

ಕೈಮಗ್ಗ. ಲಾಳಿ ಓಡೂ ಸಪ್ಪಳ. ಆ ಓಣ್ಯಾಗ ಕೈಮಗ್ಗ ನಿಂತು ಎಷ್ಟ ವರ್ಷಾಗೇತಿ? ಮಾಂತೇಶ ನೇಕಾರರ ಮನ್ಯಾಗ ಹುಟ್ಟಿದಾಂವ, ಸಪ್ಪಳ ಗುರ್ತ ಹಿಡಿಯೂದು ಅವಂಗ ಹೇಳಿಕೊಡಬೇಕಾಗಿಲ್ಲ. ನಿಂತು ಕೇಳಿದ. ಬಾವಿ ಕಟ್ಟಿಮ್ಯಾಲ ಯಾರೋ ಕುಂತಂಗಿತ್ತು.

"ಯಾರು?" ಅಂತು ಆ ಆಕಾರ, ಸಣ್ಣ ದನಿಲೆ.

"ನಾ ರೀ, ಸ್ಟುಡಿಯೋ ಮಾಂತೇಶ. ಮಲಕಾಜಪ್ಪ ಕಾಕಾ ಏನ ನೀ?"

"ಶ್... ಕೇಳಾಕತ್ತೈತೇನು ನಿನಗ?"

"ಹೂಂ. ಯಾರ ಮಗ್ಗ?"

"ನಮ್ದು."

"ನೀ ಇಲ್ಲಿ ಕುಂತಿ. ಮತ್ತ ಯಾರ ನೇಯಾಕತ್ತಾರ?"

ಮುದುಕ ಮನಿ ಕಡೆ ಕೈ ಮಾಡಿ ಅಂದ, "ಬರ್ತೀನಿ ಅಂತ ಹೇಳಿ ಹೋಗಿದ್ಲು. ಬಂದಾಳ."

ಮಾಂತೇಶ ಎರಡ ಹೆಜ್ಜಿ ಹಿಂದ ಸರದ. ಆದ್ರೂ ಕಿವಿ ಸುಮ್ನ ಇರಬೇಕಲ್ಲ. "ಹೊಡ್ತ ಸರಿ ಇಲ್ಲ ಕಾಕಾ. ಲಾಳಿ ಒಂದ ಕಡೆ, ಕಾಲ ಒಂದ ಕಡೆ ಬೀಳಾಕತ್ತೈತಿ."

"ಬಾಳ ದಿನಾತಲ್ಲಪಾ. ಕೈ ಮರತಾಳ."

ಹೀಂಗ ಅಂದು ಮುದುಕ ಅಂವನ ಕೈ ಹಿಡಕೊಂಡ. "ನಾಳೆ ಮಧ್ಯಾಹ್ನ ಕ್ಯಾಮೆರಾ ತಗೊಂಡ ಬಾ ತಮ್ಮಾ. ಬೆಳಕ ಬಿದ್ದಾಗ."

ಮಲಕಾಜಪ್ಪ ಯಾರು, ಹೆಂತಾಂವ ಅಂತ ಈಗ ಹೇಳ್ತೀನಿ. ಅಂವಾ ಅಂವನ ಹೆಂಡತಿ ಶೇವಂತಿ, ಇಬ್ರ ಜೀವ. ಮಕ್ಕಳಿಲ್ಲ. ಮುಂದಿನ ಮನ್ಯಾಗ ತಮ್ಮ ನಿಂಗಣ್ಣನ ಸಂಸಾರ, ಹಿಂದಿನ ಕ್ವಾಣ್ಯಾಗ ಇವರ ಕುಣಿಮಗ್ಗ, ನೆಲದಾಗ ಕಾಲ ಇಡೂ ತೆಗ್ಗು ತೋಡಿದ್ದು. ಶೇವಂತಿ ಕುಣಿಯಾಗ ಕಾಲ ಇಳಿಬಿಟ್ಟು, ಎಡಗಾಲ ಬಲಗಾಲ ಒತ್ತಿ, ಕೈಲೆ ಲಾಳಿ ಹಗ್ಗ ಜಗ್ಗಿ ನೇಯಾಕ ಕುಂತ್ರ ಗಡಿಯಾರ ನೋಡೂದು ಬ್ಯಾಡ, ಹೊಡ್ತ ಎಣಿಸಿದ್ರ ಸಾಕು ಅಂತಿದ್ರು ಓಣ್ಯಾಗಿನವರು. ಹೊಳಿ ಬಂದ ವರ್ಷ ಅವರ ಟ್ರಂಕಿನಾಗ ನೀರ ಹೊಕ್ತು. ಮದವಿ ಫೋಟೋ, ಜಾತ್ರ್ಯಾಗ ತಗಸಿದ್ದು, ಎಲ್ಲಾ ಒಂದಕ್ಕೊಂದು ಅಂಟಿ ಮುದ್ದಿ ಆಗಿ ಹೋದುವು. ಓಟಿನ ಕಾರ್ಡಿನ ಮ್ಯಾಲ ಒಂದ ಉಳದಿತ್ತು. ಆದ್ರ ಆ ಕಾರ್ಡಿನ್ಯಾಗ ನಿಮ್ಮ ಮಾರಿ ನೀವ ಗುರ್ತ ಹಿಡದೀರೇನು? ಬರೇ ಇದ್ದಿಲಿ. ಮತ್ತೊಂದು ತಗಸೋಣ ಅಂದ್ರ ಶೇವಂತಿ, "ಈಗ್ಯಾಕ್ರಿ, ಮುದಿಕಿ ಆಗೇನಿ" ಅಂತ ನಗತಿದ್ಲು.

ಆಮ್ಯಾಲ ಕೊರೋನಾ ಬಂತು.

ದವಾಖಾನಿ ಗಾಡಿ ಬಂದು ಶೇವಂತೀನ ಕರಕೊಂಡು ಹೋತು. ಗಾಡಿ ಹತ್ತೂ ಮುಂದ ಎಲ್ಲಾರೂ ಅನ್ನೂವಂಗ "ಬರ್ತೀನ್ರಿ" ಅಂದ್ಲು. ನಾವ್ಯಾರೂ ಹೋಗ್ತೀನಿ ಅನ್ನೂದಿಲ್ಲಲ್ಲ. ದೊಡ್ಡ ದವಾಖಾನಿಯಿಂದ ನಾಕನೇ ದಿನ ಸುದ್ದಿ ಬಂತು. ಆ ದಿವಸ ಒಂದ ಗಾಡ್ಯಾಗ ಮೂರ ನಾಕ ಮಂದೀನ ಸುತ್ತಿ ತಂದಿದ್ರು. ಮಲಕಾಜಪ್ಪ ದೂರ ರಸ್ತಾದ ಮ್ಯಾಲ ನಿಂತು ನೋಡಿದ. ಬಿಳಿ ಪ್ಲಾಸ್ಟಿಕ್. ಮಾರಿ ತೋರಸ್ರಿ ಅಂತ ಕೈ ಮುಗದ. ಬಿಡಲಿಲ್ಲ. ಅವರದೇನ ತಪ್ಪು, ಕಾಲ ಹಂಗಿತ್ತು. ಮಣ್ಣು ಮುಚ್ಚಿದ್ರು, ಹೆಸರ ಬರಕೊಂಡ್ರು, ಮುಗೀತು.

ಹಿಂಗಾಗಿ ಆ ಮುದುಕಗ ಇದ್ದದ್ದು ಒಂದ ಆಸೆ. ಹೆಂಡತಿ ಮಾರಿ ಒಮ್ಮೆ ನೋಡಬೇಕು. ಅಷ್ಟ. ಮತ್ತ ಅದಕ್ಕೂ ಗಡುವು ಬಿದ್ದಿತ್ತು. ನಿಂಗಣ್ಣ ಹಿಂದಿನ ಕ್ವಾಣಿ ಒಡದು, ಕುಣಿ ಮುಚ್ಚಿ, ಪವರ್‌ಲೂಮ್ ಹಾಕಾಂವ ಇದ್ದ. ಸೋಮವಾರ ಆಳ ಬರ್ತಾವ ಅಂತ ಹೇಳಿಬಿಟ್ಟಿದ್ದ.

ಮರುದಿನ ಮಟಮಟ ಮಧ್ಯಾಹ್ನ ಮಾಂತೇಶ ಹೋದ. ಮಣ್ಣಿನ ಮಾಳಿಗಿ, ದಪ್ಪ ಗ್ವಾಡಿ. ಒಂದ ಕಿಡಕಿ ಇಲ್ಲ. ನಡು ಮಾಳಿಗಿಗೆ ಒಂದು ಬೆಳಕಿಂಡಿ, ನೇಯಾಕಿ ಕುಂದರೂ ಜಾಗಾಕ್ಕ ಸರಿಯಾಗಿ ತಲಿಮ್ಯಾಲ. ಸೂರ್ಯಾ ನೆತ್ತಿಗೆ ಬಂದಾಗ ಬೆಳಕ ಬಿಳಿ ಸೀರಿ ಇಳಿಬಿಟ್ಟಂಗ ಸೀದಾ ಆ ಜಾಗಾಕ್ಕ ಬೀಳ್ತಿತ್ತು. ಅದರ ಆಚೀಕ ಈಚೀಕ ಎಲ್ಲಾ ಕಾಡಿಗಿ. ಮಗ್ಗದ ಮ್ಯಾಲ ಶೇವಂತಿ ಅರ್ಧಾ ಬಿಟ್ಟ ಹೋದ ಸೀರಿ ಹಂಗ ಇತ್ತು. ಯಾರೂ ಮುಟ್ಟಿದ್ದಿಲ್ಲ. ಆದ್ರ ಆಕಿ ನೇದದ್ದರ ಮುಂದ ಒಂದ ಗೇಣು ಹೊಸಾ ಬಟ್ಟಿ ಇತ್ತು... ಸೊಟ್ಟ. ಅಲ್ಲಲ್ಲೆ ಎಳಿ ಬಿಟ್ಟಿತ್ತು.

"ಇದನ್ನ ಯಾರ ನೇದ್ರು ಕಾಕಾ?"

ಮುದುಕ ಬೆಳಕಿನ ಕಡೆ ನೋಡಿದ. "ನಾ ಎಲ್ಲಿ ಕುಂತಿರ್ತಿದ್ನೋ ಅಲ್ಲಿಂದ ತಗಿ. ನನ್ನ ಕಣ್ಣಿಗೆ ಹೆಂಗ ಕಾಣ್ತೈತಿ, ಹಂಗ ಬರಬೇಕು. ಬೆಳಕೂ ಬರಬೇಕು, ಮೂಲ್ಯಾಗಿನ ಕತ್ತಲನೂ ಬರಬೇಕು."

ಮಾಂತೇಶ ನಕ್ಕ. "ಕಾಕಾ, ಕಣ್ಣ ಜಾಣ ಅದಾವ, ಎರಡೂ ನೋಡ್ತಾವ. ಕ್ಯಾಮೆರಾ ದಡ್ಡ. ಬೆಳಕ ನೋಡಂದ್ರ ಉಳದ ಕ್ವಾಣಿ ಎಲ್ಲಾ ಇದ್ದಿಲಿ ಆಗ್ತೈತಿ. ಕತ್ತಲ ನೋಡಂದ್ರ ಬೆಳಕಿದ್ದಲ್ಲಿ ಎಲ್ಲಾ ಸುಟ್ಟು ಸುಣ್ಣ ಆಗ್ತೈತಿ. ಅದಕ್ಕ ಮೂರು ಫೋಟೋ ತಗೀತೀನಿ. ಒಂದು ಬೆಳಕಿನ ಸಲುವಾಗಿ, ಒಂದು ನಡುವಿನದು, ಒಂದು ಕತ್ತಲ ಸಲುವಾಗಿ. ಕಂಪ್ಯೂಟರಿನ್ಯಾಗ ಮೂರೂ ಕೂಡಿಸಿ ಒಂದು ಮಾಡ್ತೀನಿ."

ಮೂರ ಕಾಲಿನ ಸ್ಟ್ಯಾಂಡ್ ಮ್ಯಾಲ ಕ್ಯಾಮೆರಾ ಇಟ್ಟ. ಟಪ್... ಇದು ಮೊದಲನೇದು. ಟಪ್... ಎರಡನೇದು. ಮೂರನೇದು ಕಣ್ಣ ತಗದು ಹಂಗ ನೋಡ್ಕೋತ ನಿಂತು, ಆಮ್ಯಾಲ ಮುಚ್ಚಿತು. ಟ...ಪ್. ಕ್ವಾಣ್ಯಾಗ ಇದ್ದವರು ಇಬ್ಬರ, ಇಬ್ಬರೂ ಕ್ಯಾಮೆರಾದ ಹಿಂದ. ಮಗ್ಗದ ಮ್ಯಾಲ ಯಾರೂ ಇಲ್ಲ. ಇದು ಖರೆ ಅಂತ ಮಾಂತೇಶ ತನ್ನ ಮಗಳ ಮ್ಯಾಲ ಆಣಿ ಮಾಡ್ಯಾನ.

ಸಂಜೀಕ ನಾ ಜೆರಾಕ್ಸ್ ಮಾಡಸಾಕ ಅಂವನ ಸ್ಟುಡಿಯೋಕ್ಕ ಹೋಗಿದ್ದೆ. ಅಂವ ಕಂಪ್ಯೂಟರ್ ಮುಂದ ಬೆವರಾಕತ್ತಿದ್ದ. ಫ್ಯಾನ್ ತಿರಗಾಕತ್ತಿತ್ತು, ಆದ್ರೂ ಬೆವರು.

"ಅಕ್ಕಾ, ಬಾ ಇಲ್ಲಿ. ಇದೇನು ಹೇಳು."

ಮೂರ ಫೋಟೋ ಕೂಡಸೂ ಮುಂದ ಕಂಪ್ಯೂಟರ್ ಒಂದ ಮಾತ ಕೇಳ್ತೈತಂತ, ಘೋಸ್ಟ್, ಅಂದ್ರ ದೆವ್ವ, ತಗೀಲೇನು ಅಂತ. ನಗಬ್ಯಾಡ್ರಿ, ಅದು ಅವರ ಕೆಲಸದ ಮಾತು. ಒಂದ ಫೋಟೋದಾಗ ಯಾರರ ಹಾದು ಹೋಗಿ, ಇನ್ನೊಂದ್ರಾಗ ಇರದಿದ್ರ ಅರ್ಧಮರ್ಧ ನೆಳ್ಳ ಉಳೀತೈತಿ. ಅದಕ್ಕ ಹಂಗ ಅಂತಾರ. ದಿನಾ ಒತ್ತೂವಂಗ ಹೂಂ ಅಂತ ಒತ್ತ್ಯಾನ. ಕ್ವಾಣಿ ಸ್ವಚ್ಛ ಬಂದೈತಿ. ಆಮ್ಯಾಲ ಅಂವಗ ಅನುಮಾನ ಬಂತಂತ... ಯಾರೂ ಹಾದು ಹೋಗಿಲ್ಲ, ಇದು ತಗದದ್ದು ಏನನ್ನ? ಮತ್ತ ಬ್ಯಾಡ ಅಂತ ಒತ್ತಿ ಕೂಡಿಸ್ಯಾನ.

ನಾ ನೋಡಿದೆ. ಈ ಕಣ್ಣಿಲೆ ನೋಡೇನಿ.

ಮಗ್ಗದ ಮ್ಯಾಲ ಒಬ್ಬ ಹೆಂಗಸು. ಹಸರ ಸೀರಿ. ಕುಣಿಯಾಗ ಇಳಿಬಿಟ್ಟ ಕಾಲು, ಕೈತುಂಬ ಬಳಿ. ಕೈ ಬೆರಳ ಸ್ವಲ್ಪ ಹೊಗಿ ಆಡಿದಂಗ. ಉಳದದ್ದೆಲ್ಲಾ ನೆಟ್ಟಗ, ನಿಚ್ಚಳ. ಕೊರಳ ತನಕ. ಕೊರಳಿನ ಮ್ಯಾಲ... ಏನೂ ಇಲ್ಲ. ಖಾಲಿ ಬೆಳಕು, ಅದರ ಹಿಂದ ಗ್ವಾಡಿ.

"ತಲಿ ಎಲ್ಲೋ?" ಅಂದೆ.

ಮಾಂತೇಶ ಒಂದೊಂದ ತಗದು ತೋರಿಸಿದ. ಬೆಳಕಿನ ಸಲುವಾಗಿ ತಗದದ್ರಾಗ, ನಡುವಿನದ್ರಾಗ ಯಾರೂ ಇಲ್ಲ. ಕತ್ತಲ ಸಲುವಾಗಿ ಬಾಳ ಹೊತ್ತು ತಗದದ್ರಾಗ ಮಾತ್ರ ಆಕಿ ಅದಾಳ. ಆದ್ರ ಬೆಳಕಿಂಡಿ ಬೆಳಕು ಸೀದಾ ಮಾರಿ ಮ್ಯಾಲ ಬಿದ್ದು, ಮಾರಿ ಸುಟ್ಟು ಬೆಳ್ಳಗ ಆಗೇತಿ. ಸುಟ್ಟ ಜಾಗಾದಾಗ ಕಂಪ್ಯೂಟರ್ ಮೊದಲನೇ ಫೋಟೋದಾಗಿನ ಖಾಲಿ ಬೆಳಕು ತಂದು ಹಚ್ಚೇತಿ. ನಾ ಸಾಲಿ ಬಾಳ ಕಲತಿಲ್ಲ, ಆದ್ರ ಇಷ್ಟು ತಿಳೀತು. ಹೊತ್ತು ಕೊಟ್ರ ಆಕಿ ಬರ್ತಾಳ, ಮಾರಿ ಸುಡ್ತೈತಿ. ಮಾರಿ ಉಳಸಾಕ ಹೋದ್ರ ಆಕೀನ ಬರೂದಿಲ್ಲ.

"ಅಳಸಿ ಹಾಕು. ಮುದುಕಗ ತೋರಸಬ್ಯಾಡ," ಅಂದೆ.

ಹೇಳಿ ತಿರಗೂದ್ರಾಗ ಮುದುಕ ಬಾಗಲದಾಗ ನಿಂತಿದ್ದ.

ಅಂವ ಅಂಜಲಿಲ್ಲರಿ. ಅದ ನನಗ ಕೆಟ್ಟ ಅನಸಿದ್ದು. ಕಂಪ್ಯೂಟರ್ ಹತ್ತರ ಹೋಗಿ ಆ ಬಳಿ ಮುಟ್ಟಿದ, ಕಾಲ ಮುಟ್ಟಿದ. "ಆಕೀನ," ಅಂದ. ಆಮ್ಯಾಲ ಬೆರಳ ಮ್ಯಾಲ ಒಯ್ದು ನಿಂದ್ರಿಸಿದ. "ಮಾರಿ ಎಲ್ಲಿ?"

"ಆಕೀನ ಅಂತ ಹೆಂಗ ಅಂತಿ ಕಾಕಾ?" ಅಂದೆ ನಾನು.

"ನಮ್ಮ ಮಗ್ಗದ ಮ್ಯಾಲ ಮತ್ಯಾರ ಕುಂದರ್ತಾರವ್ವಾ?"

ನೋಡ್ರಿ, ಗಂಡಸರ ಹಣೆಬರಹ. ಇಡೀ ಜನ್ಮ ಆ ಕೈಲೆ ಉಂಡಿರ್ತಾರ, ಕೈ ಹೆಂಗಿತ್ತು ಅಂದ್ರ ಗೊತ್ತಿಲ್ಲ. ಸಿಟ್ಟ ಬಂತು ನನಗ. ಆದ್ರ ಮುದುಕ ಮುಂದ ಅಂದದ್ದು ಕೇಳಿ ಸಿಟ್ಟೆಲ್ಲಾ ಇಳದ ಹೋತು.

"ಮಾರಿ ನೆನಪ ಹೋಗಾಕತ್ತೈತಿ ತಮ್ಮಾ. ಕಣ್ಣ ಮುಚ್ಚಿದ್ರ ಪ್ಲಾಸ್ಟಿಕ್ ಕಾಣ್ತೈತಿ. ಒಮ್ಮೆ ತೋರಸು. ಒಮ್ಮೆ ನೋಡಿದ್ರ ಸಾಕು, ನಿಂಗಣ್ಣ ಕುಣಿ ಮುಚ್ಚಲಿ, ಮನಿ ಒಡೀಲಿ, ನಾ ಏನೂ ಅನ್ನೂದಿಲ್ಲ."

ಮಾಂತೇಶ ದಿನಾ ಮಧ್ಯಾಹ್ನ ಹೋದ. ಕ್ಯಾಮೆರಾ ಆ ಮೂಲಿಗಿಟ್ಟ, ಈ ಮೂಲಿಗಿಟ್ಟ. ಹೊತ್ತು ಕಡಿಮಿ ಮಾಡಿದ, ಹೆಚ್ಚ ಮಾಡಿದ. ಕಡಿಮಿ ಮಾಡಿದ್ರ ಖಾಲಿ ಮಗ್ಗ. ಹೆಚ್ಚ ಮಾಡಿದ್ರ ಸುಟ್ಟ ಮಾರಿ. ಬಿಸಲ ಸರಿದ್ರ ಆಕೀನೂ ಬೆಳಕಿನ ಕೂಡ ಅಷ್ಟಷ್ಟ ಸರದ ಕುಂದರತಿದ್ಲು. ಕತ್ತಲಿಗೆ ಅಂಜೂ ಕೂಸು ದೀಪದ ಹತ್ತರ ಸರದಂಗ. ಮಾಂತೇಶ ಸೊರಗಿದ. ಅಂವನ ಹೆಂಡತಿ ಮಂಗಲಾ ನನ್ನ ಕಡೆ ಬಂದು ಅತ್ಲು, "ಅಕ್ಕಾರ, ನೀವರ ಹೇಳ್ರಿ, ರಾತ್ರಿ ಮಕ್ಕೊಂಡಲ್ಲೇ ಕೈ ಮುಂದ ಮಾಡಿ ಫೋಟೋ ತಗೀತಾರ."

ಶನಿವಾರ ಅಂವಗ ಹೊಳೀತು. ಬೆಳಕಿಂಡಿ ಮುಚ್ಚಿಬಿಟ್ರ?

ಬೆಳಕ ಇಲ್ಲಂದ್ರ ಸುಡೂ ಮಾತ ಇಲ್ಲ. ಬಾಗಲಾ ಬೆರಳಷ್ಟು ತಗದಿಟ್ಟು, ಆ ಮಬ್ಬಿನಾಗ ಹತ್ತ ನಿಮಿಷ ಕ್ಯಾಮೆರಾ ಕಣ್ಣ ತೆರದಿಟ್ರ ಮಾರಿ ಬರ್ತೈತಿ ಅಂತ ಅಂವನ ಲೆಕ್ಕಾ.

ನಾ ಬೈದೆ. "ಮುಚ್ಚಬ್ಯಾಡಲೇ. ಸತ್ತವರ ಮನಿ ಬೆಳಕಿಂಡಿ ಮುಚ್ಚಬಾರದಂತ ಹಿರ್ಯಾರು ಸುಮ್ನ ಹೇಳ್ಯಾರೇನು? ಜೀವ ಬರೂದು ಹೋಗೂದು ಅಲ್ಲಿಂದನ."

"ಇನ್ನೆರಡ ದಿನಕ್ಕ ಮಾಳಿಗೀನ ಇರೂದಿಲ್ಲಕ್ಕಾ. ಆಗ ಬೆಳಕಿಂಡಿ ಎಲ್ಲಿರ್ತೈತಿ?"

ಮುದುಕನೂ ಮೊದಲ ಬ್ಯಾಡಂದ. ಆಮ್ಯಾಲ ಒಪ್ಪಿದ. ಮಾರಿ ಕಾಣ್ತೈತಿ ಅಂದ್ರ ಅಂವ ಯಾವುದಕ್ಕೂ ಒಪ್ಪತಿದ್ದ.

ಐತವಾರ ಮಧ್ಯಾಹ್ನ. ನಿಂಗಣ್ಣನ ಮನಿಮಂದಿ ಮುಧೋಳಕ್ಕ ಬೀಗರ ಮನಿಗೆ ಹೋಗಿದ್ರು. ಮಾಂತೇಶ ಮಾಳಿಗಿ ಹತ್ತಿ ಬೆಳಕಿಂಡಿ ಮ್ಯಾಲ ತಗಡ ಹಾಕ್ದ, ತಗಡಿನ ಮ್ಯಾಲ ಗೋಣಿಚೀಲ, ಅದರ ಮ್ಯಾಲ ಕಲ್ಲು. ಕೆಳಗ ಬಂದ್ರ ಹಗಲಿನ್ಯಾಗ ರಾತ್ರಿ. ಮುದುಕ ಗ್ವಾಡಿಗೆ ಆತು ಕುಂತಿದ್ದ, ಅಂವನ ಉಸರ ಅಷ್ಟ ಕೇಳತಿತ್ತು.

"ಅಲುಗಾಡಬ್ಯಾಡ ಕಾಕಾ. ಮಾತಾಡಬ್ಯಾಡ."

"ಹೂಂ."

ಟಪ್. ಕ್ಯಾಮೆರಾ ಕಣ್ಣ ತಗೀತು.

ಮೊದಲ ತಗಡಿನ ಮ್ಯಾಲ ಕಾಗಿ ಕುಂತ ಸಪ್ಪಳ. ಟಕ್ ಟಕ್ ಟಕ್... ಹಾರಿ ಹೋತು. ಆಮ್ಯಾಲ ಏನೂ ಇಲ್ಲ... ಬಾಳ ಹೊತ್ತು ಏನೂ ಇಲ್ಲ. ಆಮ್ಯಾಲ ಕಟಗಿ ಕಿರ್ರ್ ಅಂತು, ಯಾರೋ ಮಗ್ಗದ ಮ್ಯಾಲ ಭಾರ ಹಾಕಿದಂಗ. ಬಳಿ ಕಿಣ್ ಅಂದುವು. ಒಮ್ಮೆ ಅಲ್ಲ. ಕಿಣ್... ಕಿಣ್... ಕಿಣ್ ಕಿಣ್. ಕತ್ತಲದಾಗ ಗ್ವಾಡಿ ತಡಕೂವರ ಬಳಿ ಹೆಂಗ ಸಪ್ಪಳ ಮಾಡ್ತಾವ, ಹಂಗ.

ಮಾಂತೇಶ ಹಲ್ಲ ಕಚ್ಚಿ ನಿಂತ. ಟಪ್. ಕ್ಯಾಮೆರಾ ಮುಚ್ಚಿತು.

"ತೋರಸು," ಅಂದ ಮುದುಕ.

"ತಡಿ ಕಾಕಾ. ಕ್ಯಾಮೆರಾ ಎಷ್ಟ ಹೊತ್ತು ತಗದೈತೋ, ಅಷ್ಟ ಹೊತ್ತು ಅದನ್ನ ತೊಳದು ಸ್ವಚ್ಛ ಮಾಡ್ತೈತಿ. ಅಲ್ಲೀತನಕಾ ಕಾಣೂದಿಲ್ಲ. ಇನ್ನ ಹತ್ತ ನಿಮಿಷ."

"ಹತ್ತ ನಿಮಿಷ," ಅಂತ ಮುದುಕ ತನಗ ತಾನ ಅಂದ್ಕೊಂಡ. ಇಷ್ಟ ವರ್ಷ ಕಾದಾಂವಗ ಅದೇನ ದೊಡ್ಡದು.

ಆಗ ಆ ದನಿ ಬಂತು. ಮಗ್ಗದ ಕಡಿಯಿಂದ. ಹೆಂಗಸಿನ ದನಿ, ಅಂಜಿದ ದನಿ.

"ಯಣ್ಣಾ..."

ಮತ್ತ ಅದ ದನಿ.

"ಯಣ್ಣಾ... ಕತ್ತಲಾತು. ಬೆಳಕಿಂಡಿ ತಗೀರಿ."

ಕೇಳಿದ್ರಿಲ್ಲ? ಯಣ್ಣಾ. ನಮ್ಮ ಕಡೆ ಹೆಂಗಸರು ಗುರ್ತ ಇಲ್ಲದ ಗಂಡಸರಿಗೆ ಯಣ್ಣಾ ಅಂತೀವಿ, ಯಪ್ಪಾ ಅಂತೀವಿ. ಯಾವ ಹೆಂಡತಿ ಗಂಡಗ ಯಣ್ಣಾ ಅಂತಾಳ್ರಿ? ಸತ್ತ ಮ್ಯಾಲೂ ಅನ್ನೂದಿಲ್ಲ.

ಮಲಕಾಜಪ್ಪ ಬಾಳ ಮೆತ್ತಗ ಕೇಳಿದನಂತ, "ನೀ ಯಾರವ್ವಾ?"

"ಗೊತ್ತಿಲ್ಲ ಯಣ್ಣಾ. ಇದ ನಿಮ್ಮನಿ ಅಂತ ಇಲ್ಲೇ ತಂದು ಬಿಟ್ಟು ಹೋದ್ರು."

"ಮತ್ತ ನಮ್ಮ ಶೇವಂತಿ ಎಲ್ಲಿ?"

ಮಗ್ಗದ ಕಟಗಿ ಕಿರ್ರ್ ಅಂತು.

"ನಮ್ಮ ಶೇವಂತಿ ಎಲ್ಲೆವ್ವಾ?"

ಬಳಿ ಕಿಣ್ ಅಂದುವು. ಅಷ್ಟ.

ಮಾಂತೇಶ ಓಡಿದ. ಮಾಳಿಗಿ ಹತ್ತಿ ಕಲ್ಲ ಒಗದು ತಗಡ ಕಿತ್ತ. ಕೆಳಗ ಬಂದಾಗ ಬೆಳಕು ಮೊದಲಿನಂಗ ಸೀದಾ ಬಿದ್ದಿತ್ತು, ಖಾಲಿ ಮಗ್ಗದ ಮ್ಯಾಲ. ಮುದುಕ ಗ್ವಾಡಿಗೆ ಆತು ಹಂಗ ಕುಂತಿದ್ದ. ಕಣ್ಣ ತೆರದಿದ್ದುವು. ಕೈ ಮುಟ್ಟಿದ್ರ ಜೀವ ಇದ್ದಿಲ್ಲ.

ಅಷ್ಟೊತ್ತಿಗೆ ಕ್ಯಾಮೆರಾ ತನ್ನ ಕೆಲಸ ಮುಗಿಸಿ ಚಿತ್ರ ತೋರಿಸ್ತು.

ಮಾರಿ ಬಂದಿತ್ತು. ಸುಟ್ಟಿದ್ದಿಲ್ಲ, ಅಲುಗಾಡಿದ್ದಿಲ್ಲ. ಹುಬ್ಬಿನ ಕೂದಲ ಎಣಿಸಬೇಕು, ಅಷ್ಟ ನಿಚ್ಚಳ. ಮಾಂತೇಶ ಚೀರಿದ್ದ ಕೇಳಿ ಬಾಜೂ ಮನಿ ಶಿವವ್ವ ಓಡಿ ಬಂದ್ಲು. ಶೇವಂತಿ ಕೂಡ ಒಂದ ಬಾವಿ ನೀರ ಹೊತ್ತಾಕಿ, ಒಂದ ಕಟ್ಟಿಮ್ಯಾಲ ಜ್ವಾಳಾ ಹಸನ ಮಾಡಿದಾಕಿ. ಹಿಂದಿಂದ ನಾನೂ ಹೋದೆ. ಶಿವವ್ವ ಮೊದಲ ಮುದುಕನ ಕಣ್ಣ ಮುಚ್ಚಿದ್ಲು. ಆಮ್ಯಾಲ ಸೆರಗಿಲೆ ಕೈ ಒರಸ್ಕೊಂಡು ಆ ಚಿತ್ರ ನೋಡಿದ್ಲು. ಬಾಳ ಹೊತ್ತು ನೋಡಿದ್ಲು.

"ಇಕಿ ಯಾರಬೇ?" ಅಂದ್ಲು. "ಇಕಿ ಶೇವಂತಿ ಅಲ್ಲ. ಶೇವಂತಿ ಮಾರಿ ಗುಂಡಗಿತ್ತು. ಇಕಿ ಗದ್ದದ ಮ್ಯಾಲ ಹಚ್ಚಿ ಐತಿ ನೋಡು, ಹಸರ ಬೊಟ್ಟು. ಶೇವಂತಿಗಿದ್ದಿಲ್ಲ."

ನಾವ ಮೂರೂ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಯಾರೂ ಹೇಳಲಿಲ್ಲ, ಎಲ್ಲಾರಿಗೂ ತಿಳೀತು. ಬಿಳಿ ಪ್ಲಾಸ್ಟಿಕ್. ಬಿಚ್ಚಿ ಯಾರ ನೋಡಿದ್ರು? ಯಾರ ಹೆಸರಿಲೆ ಯಾರನ್ನ ಮಣ್ಣ ಮಾಡಿದ್ರು? ಶೇವಂತಿ ಹೆಸರಿನ ಮ್ಯಾಲ ಇಟ್ಟ ಜೀವ ಶೇವಂತಿ ಮನಿಗೇ ಬಂತು. ನೇಯಾಕ ಬರದಾಕಿ, ಪಾಪ, ಈ ಮನ್ಯಾಗ ಇದ ಕೆಲಸ ಅಂತ ತಿಳದು ಕುಂತು ಕಲಿಯಾಕತ್ತಿದ್ಲು. ನನಗ ಅಳು ಬಂತು. ಮುದುಕನ ಸಲುವಾಗಿ ಅತ್ನೋ, ಆಕಿ ಸಲುವಾಗಿ ಅತ್ನೋ, ಇವತ್ತಿಗೂ ಗೊತ್ತಿಲ್ಲ.

ಸೋಮವಾರ ಮುದುಕನ ಮಣ್ಣಾತು. ಮೂರ ದಿನದ್ದು ಮುಗಿಸಿ ನಿಂಗಣ್ಣ ಮಾಳಿಗಿ ಕೆಡವಿದ, ಕುಣಿ ಮುಚ್ಚಿದ. ಅಂವನ್ನೂ ಬೈಯಾಕ ಬರೂದಿಲ್ಲ, ಅಂವಗ ಹೊಟ್ಟಿ ಇಲ್ಲೇನು?

ಮಾಂತೇಶ ಮಾತ್ರ ಸುಮ್ನ ಕುಂದರಲಿಲ್ಲ. ಸತ್ತವರ ಫೋಟೋ ದೊಡ್ಡದ ಮಾಡಿ ಫ್ರೇಮಿನ ಕಟ್ಟ ಹಾಕಿಸೂದು ಎಲ್ಲಾ ಊರಾಗೂ ಸ್ಟುಡಿಯೋದವರ ಕೆಲಸಲ್ಲ? ಆ ಮಾರಿ ಅಷ್ಟ ಕತ್ತರಿಸಿ, ಜಮಖಂಡಿ, ಮುಧೋಳ, ಬೀಳಗಿ ಫೋಟೋದವರಿಗೆಲ್ಲಾ ವಾಟ್ಸಾಪ್ ಹಾಕ್ದ. ಈ ಹೆಣ್ಮಗಳ ಕಟ್ಟ ಯಾರರ ಹಾಕೀರೇನು ಅಂತ. ತಿಂಗಳಗಟ್ಟಲೆ ಏನೂ ಇಲ್ಲ. ಆಮ್ಯಾಲ ಬೀಳಗಿಯಾಂವ ಒಬ್ಬ, ಕೊರೋನಾ ವರ್ಷ ನಾನ ಹಾಕಿ ಕೊಟ್ಟೇನಿ ಅಂದ. ಮರುದಿನ ಆಕಿ ಮಗಳ ಫೋನ್ ಬಂತು. ಮಗಳ ಹೆಸರು ಬೋರವ್ವ. ಕಬ್ಬಿನ ಹೊಲದಾಗ ದುಡಿಯೂ ಮಂದಿ. ಮಾಂತೇಶ ಸ್ಪೀಕರ್ ಹಾಕ್ದ, ನಾ ಬಾಜೂಕ ಕುಂತಿದ್ದೆ.

"ನಮ್ಮವ್ವನ ಫೋಟೋ ನಿಮಗ ಹೆಂಗ ಸಿಕ್ತರಿ?"

"ಹಳೇ ಫೋಟೋದಾಗ ಸಿಕ್ತವ್ವಾ," ಅಂದ ಮಾಂತೇಶ. ಮತ್ತೇನ ಹೇಳಬೇಕು?

ಆಕಿ ದನಿ ಸಣ್ಣದ ಮಾಡಿ ಕೇಳಿದ್ಲು, "ಯಣ್ಣಾ, ನೀವ ತಿಳದವರ ಅದೀರಿ. ಒಂದ ಮಾತ ಕೇಳ್ಲೇನ್ರಿ? ನಮ್ಮವ್ವ ಮನಿಗೆ ಬರ್ತಾಳ್ರಿ. ಮಧ್ಯಾಹ್ನದಾಗ. ಅಡಗಿಮನ್ಯಾಗ ಬೆಳಕ ಬೀಳೂ ಜಾಗಾಕ್ಕ ಕುಂದರ್ತಾಳ. ಮಾರಿ ಕಾಣೂದಿಲ್ರಿ, ಆದ್ರ ಕುಂತದ್ದ ತಿಳೀತೈತಿ. ಎಡಿ ಇಟ್ರ ಮುಟ್ಟೂದಿಲ್ಲ. ಕಾಲ ಇಳಿಬಿಟ್ಟಂಗ ಕುಂತು, ಒಮ್ಮೆ ಎಡಗಾಲ ಒತ್ತತಾಳ, ಒಮ್ಮೆ ಬಲಗಾಲ ಒತ್ತತಾಳ. ಕೈಲೆ ಏನೋ ಜಗ್ಗತಾಳ, ಬಿಡತಾಳ, ಜಗ್ಗತಾಳ. ಬದುಕಿದ್ದಾಗ ಎಂದೂ ಹಂಗ ಮಾಡಿದಾಕಿ ಅಲ್ರಿ ನಮ್ಮವ್ವ. ಏನ ಬೇಡಾಕತ್ತಾಳ್ರಿ ಆಕಿ?"

ಮಾಂತೇಶ ಫೋನ್ ನನ್ನ ಕಡೆ ಸರಿಸಿದ. ನನ್ನ ಮಾರಿ ನೋಡಿದ.

"ನೀವ ಫೋಟೋದವರಲ್ರಿ," ಅಂದ್ಲು ಆ ಹುಡುಗಿ. "ಒಮ್ಮೆ ಬಂದು ಆಕಿ ಮಾರಿ ತಗದ ಕೊಡ್ತೀರೇನ್ರಿ?"

ಮಾಂತೇಶ ಹೋಗಲಿಲ್ಲ. ಹೋಗಿ ತಗದು ಯಾರಿಗೆ ತೋರಸಬೇಕು? ನೋಡಬೇಕಾದಾಂವ ಮಣ್ಣಾಗ ಅದಾನ. ಆ ಹುಡುಗಿಗೆ ಇದು ನಿಮ್ಮವ್ವ ಅಲ್ಲವ್ವಾ ಅಂತ ಹೇಳೂ ಧೈರ್ಯ ಯಾರಿಗೈತಿ? ಮುಂದ ಅಂವ ಮನಿ ಒಳಗಿನ ಫೋಟೋ ತಗಿಯೂದ ಬಿಟ್ಟಬಿಟ್ಟ. ಮದವಿ, ಸೀಮಂತ, ಬಯಲಾಗ ನಿಂದರಿಸಿ ತಗೀತಾನ ಅಷ್ಟ.

ಸುಳ್ಳ ಅಂತೀರೇನು? ಬೋರವ್ವನ ನಂಬರ ನನ್ನ ಫೋನಿನ್ಯಾಗೂ ಐತಿ, ನಾಳೆ ಹಗಲ ಹಚ್ಚಿ ಕೇಳ್ರಿ. ಮೊನ್ನೆ ಅಮಾಸಿಗೆ ಮತ್ತ ಫೋನ್ ಮಾಡಿದ್ಲು. ಅಡಗಿಮನಿ ನೆಲಾ ಆ ಜಾಗಾದಾಗ ಸವೀತಂತ. ಸಾರಸಿದ್ರ ಮತ್ತ ಸವೀತೈತಂತ. ಬಾಜೂಕ ಬಾಜೂಕ ಎರಡ ತೆಗ್ಗು, ಒಂದೊಂದು ಪಾದದಷ್ಟು.